ದೊಡ್ಡ ಮೇಸ್ತ್ರಿ ಹಾಕಿದ ನೆಲ

ಬುಧವಾರ ಬಂತೆಂದರೆ ಆ ಮನೆಯಲ್ಲಿ ಒಲೆ ಯಾರ ಪಾಲಿಗೆ ಎನ್ನುವುದೇ ಒಂದು ಪಂಚಾಯಿತಿ. ಮಿಕ್ಕ ದಿನಗಳಲ್ಲಿ ಸಂಜೆಯ ಅಡುಗೆ ಪಾರ್ಸಲಮ್ಮನದು. ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ಎದ್ದವರು ಅವರು. ನಿವೃತ್ತಿಯಾಗಿ ಆರು ವರ್ಷವಾದರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ. ಬುಧವಾರ ಐದೂವರೆಗೆ ಅವರು ಹದಿನಾಲ್ಕು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಕುಣಿತದ ಕ್ಲಾಸಿಗೆ ಹೋಗುತ್ತಾರೆ. ಸೊಸೆ ಔಷಧಿ ಅಂಗಡಿಯ ಕೆಲಸ ಮುಗಿಸಿ ಬರುವುದು ಏಳಕ್ಕೆ. ಹೀಗಾಗಿ ಸೌಟು ಬಂದು ಬೀಳುವುದು ಮಗನ ಕೈಗೆ. ಅವನು ಟೈಲ್ಸ್ ಹಾಕುವ ಮೇಸ್ತ್ರಿ. ಸಿಮೆಂಟಿಗೆ ಮರಳೆಷ್ಟು, ನೀರೆಷ್ಟು ಎಂದು ಕಣ್ಣಳತೆಯಲ್ಲೇ ಹೇಳುವವನಿಗೆ ಅಕ್ಕಿಗೆ ನೀರೆಷ್ಟು ಎನ್ನುವುದು ಮಾತ್ರ ಈವತ್ತಿಗೂ ತಲೆಗೆ ಹತ್ತಿರಲಿಲ್ಲ.

"ಇದು ಅನ್ನವೋ ಗಾರೆಯೋ?" ಎಂದು ಸೊಸೆ ತಟ್ಟೆ ಮುಂದೆ ಕೂತು ಕೇಳಿದಳು.

"ಗಾರೆ ಆಗಿದ್ದರೆ ಇಷ್ಟೊತ್ತಿಗೆ ಗಟ್ಟಿಯಾಗಿರೋದು. ಸುಮ್ಮನೆ ತಿನ್ನು," ಎಂದ ಮೇಸ್ತ್ರಿ.

ಈ ಕುಣಿತ ಮನೆಗೆ ಕಾಲಿಟ್ಟು ನಾಲ್ಕು ತಿಂಗಳಾಗಿತ್ತು. ಪಾರ್ಸಲಮ್ಮನ ಎಡಮಂಡಿ ನೋಡಿದ ಡಾಕ್ಟರು ದಿನಾ ನಡೆಯಿರಿ ಎಂದಿದ್ದರು. "ಎಲ್ಲಿಗೂ ಹೋಗೋದಿಲ್ಲ ಅಂದಮೇಲೆ ಯಾಕೆ ನಡೀಬೇಕು?" ಎಂದು ಪಾರ್ಸಲಮ್ಮ ಕೇಳಿದ್ದರು. ಅದೇ ವಾರ ಮೊಮ್ಮಗಳು ಒಂದು ಚೀಟಿ ತಂದಳು. ಇನ್ನೂರು ವರ್ಷ ಹಿಂದೆ ಇಂಗ್ಲಿಷರು ಜನ ಕೂಡಿದಲ್ಲಿ ಕುಣಿಯುತ್ತಿದ್ದ ಸಾಲು ಕುಣಿತಗಳನ್ನು ಡೈರಿ ಹಾಲ್‌ನಲ್ಲಿ ಕಲಿಸಿಕೊಡಲಾಗುವುದು, ವಯಸ್ಸಿನ ಅಡ್ಡಿಯಿಲ್ಲ ಎಂದಿತ್ತು. ಪಾರ್ಸಲಮ್ಮ ಚೀಟಿಯನ್ನು ಎರಡು ಸಲ ಓದಿ, "ಡೈರಿ ಹಾಲ್‌ನಲ್ಲಾ? ಹಾಗಾದರೆ ನನ್ನ ಹೆಸರೂ ಬರೆಸು," ಎಂದುಬಿಟ್ಟರು.

ಕಲಿಸುವವರು ಮ್ಯೂಸಿಯಂನಲ್ಲಿ ಹಳೆಯ ಕಾಗದ ಪತ್ರ ನೋಡಿಕೊಳ್ಳುವ ಒಬ್ಬ ತೆಳ್ಳನೆಯ ಮನುಷ್ಯ. ಎಲ್ಲರಿಗೂ ಅವರು ಮ್ಯೂಸಿಯಂ ಸರ್. ಯಾವುದೋ ಕಾಲದ ಕುಣಿತದ ಮೇಷ್ಟ್ರೊಬ್ಬರು ಕೈಯಲ್ಲಿ ಬರೆದಿಟ್ಟಿದ್ದ ಪುಸ್ತಕ ಅವರಿಗೆ ಕಪಾಟಿನ ಮೂಲೆಯಲ್ಲಿ ಸಿಕ್ಕಿತ್ತು. ಅದನ್ನು ಓದಿ, ಮನೆಯಲ್ಲಿ ಕುರ್ಚಿಗಳ ನಡುವೆ ತಾವೊಬ್ಬರೇ ಕುಣಿದು ಕಲಿತಿದ್ದರು ಮಹಾನುಭಾವರು. ಕುಣಿತವೂ ಮೈ ಮುರಿಯುವಂಥದ್ದಲ್ಲ. ಎದುರುಬದುರು ಎರಡು ಉದ್ದ ಸಾಲು. ಬಾಗಿಲ ತುದಿಯ ಇಬ್ಬರು, ಅಂದರೆ ಮೊದಲ ಜೊತೆ, ಕೈ ಹಿಡಿದುಕೊಂಡು ನಡುವಿನ ಓಣಿಯಲ್ಲಿ ವೇದಿಕೆಯ ಕಡೆಗೆ ಎಂಟು ಹೆಜ್ಜೆ ಹೋಗಬೇಕು, ತಿರುಗಿ ಬರಬೇಕು, ಬಂದಮೇಲೆ ಒಂದು ಜಾಗ ಕೆಳಗೆ ನಿಲ್ಲಬೇಕು. ಆಗ ಮುಂದಿನವರ ಸರದಿ. ಹೀಗೆ ಇಳಿಯುತ್ತ ಇಳಿಯುತ್ತ ಕೊನೆಗೆ ಬಂದ ಜೊತೆಗೆ ಒಂದು ಸುತ್ತು ಬಿಡುವು. ನೋಡಲು ಸುಲಭ. ಆದರೆ ಓಣಿಯಲ್ಲಿ ನೆಟ್ಟಗೆ ನಡೆಯಬೇಕು. ನಡೆಯುವವರು ಪಕ್ಕಕ್ಕೆ ಸರಿದರೆ ಸಾಲೂ ಜಗ್ಗಿ, ಕುಣಿತ ಹೋಗಿ ಬಸ್ ಹತ್ತುವ ನೂಕುನುಗ್ಗಲಾಗುತ್ತದೆ.

ಪಾರ್ಸಲಮ್ಮ ಸರಿಯುತ್ತಿದ್ದರು. ಅದೇ ಗೋಳು.

ಆ ಬುಧವಾರ ಅಜ್ಜಿ ಮೊಮ್ಮಗಳು ಮನೆಗೆ ಬಂದರು. ಅಜ್ಜಿ ಚಪ್ಪಲಿ ಬಿಟ್ಟು ನೇರವಾಗಿ ಬಂದು ಊಟಕ್ಕೆ ಕೂತರು. ಮೊಮ್ಮಗಳು ಅಮ್ಮನ ಪಕ್ಕ ಕೂತು ತಟ್ಟೆ ನೋಡತೊಡಗಿದಳು.

"ಏನಾಯಿತು?" ಎಂದಳು ಸೊಸೆ.

"ಮುಂದಿನ ತಿಂಗಳು ದೊಡ್ಡ ಕೂಟ ಇದೆಯಲ್ಲ, ಮೂರು ಊರಿನವರು ಬರೋದು," ಎಂದಳು ಹುಡುಗಿ. "ಮೊದಲನೇ ಕುಣಿತಕ್ಕೆ ಹತ್ತು ಜೊತೆ ಆರಿಸಿದರು ಸರ್. ನನ್ನನ್ನ ನಮ್ಮ ಕ್ಲಾಸಿನವಳ ಜೊತೆ ಹಾಕಿದ್ದಾರೆ."

"ಅಜ್ಜಿ?"

"ಶರಬತ್ತು," ಎಂದರು ಪಾರ್ಸಲಮ್ಮ. "ನನಗೆ ಶರಬತ್ತು ಹಂಚೋ ಕೆಲಸ. 'ನೀವು ಎಲ್ಲರನ್ನೂ ಚೆನ್ನಾಗಿ ವಿಚಾರಿಸ್ಕೋತೀರಿ ಅಮ್ಮ' ಅಂದರು. ಮೂವತ್ತೊಂದು ವರ್ಷ ಕೌಂಟರ್ ಹಿಂದೆ ಕಳೆದಿದ್ದು ಸಾಲದು ಅಂತ ಮತ್ತೆ ಕೌಂಟರ್ ಹಿಂದೆ ನಿಲ್ಲಿಸ್ತಾರಂತೆ."

ಮೇಸ್ತ್ರಿಗೆ ನಗು ಬಂತು. ಅದು ಬರಬಾರದಿತ್ತು. "ಹೋಗಲಿ ಬಿಡಮ್ಮ. ಮಂಡಿ ನೋವಿಟ್ಟುಕೊಂಡು ನಿನಗ್ಯಾಕೆ?"

"ಮಂಡಿದೇನೂ ತಪ್ಪಿಲ್ಲ ಕಣೋ. ಆ ಹಾಲ್‌ನ ನೆಲವೇ ಸರಿಯಿಲ್ಲ. ಡೊಂಕಿದೆ."

ಮೇಸ್ತ್ರಿಯ ಕೈಲಿದ್ದ ತುತ್ತು ಕೈಯಲ್ಲೇ ನಿಂತಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋದು ಗಾದೆ ಅಂದ್ಕೊಂಡಿದ್ದೆ. ನಮ್ಮ ಮನೇಲೇ ಇದೆ ಅಂತ ಗೊತ್ತಿರಲಿಲ್ಲ."

"ಗಾದೆ ಮಾಡಿದೋರು ಆ ನೆಲದ ಮೇಲೆ ಒಂದು ಸಲ ನಡೆದು ನೋಡಲಿ."

"ಅಮ್ಮ, ಅದು ಯಾರು ಹಾಕಿದ ನೆಲ ಗೊತ್ತಲ್ಲ?"

ಗೊತ್ತಿಲ್ಲದೆ ಏನು? ಆ ನೆಲ ಹಾಕಿದ್ದು ಪಾರ್ಸಲಮ್ಮನ ಗಂಡ. ಊರಿಗೆಲ್ಲ ದೊಡ್ಡ ಮೇಸ್ತ್ರಿ. ಅವರು ಹಾಕಿದ ನೆಲದ ಮೇಲೆ ನೀರು ಚೆಲ್ಲಿದರೆ ಯಾವ ಕಡೆ ಹೋಗಬೇಕೆಂದು ನೀರಿಗೇ ತಿಳಿಯುವುದಿಲ್ಲ ಎಂದು ಜನ ಹೇಳುತ್ತಿದ್ದರು. ಹೆಂಡತಿ ನಿವೃತ್ತಿಯಾದ ವರ್ಷವೇ ಅವರು ತೀರಿಕೊಂಡರು. ಮಗ ಈಗಲೂ ಹೊಸ ಗಿರಾಕಿ ಬಂದರೆ ತನ್ನ ಕೆಲಸ ತೋರಿಸುವ ಮೊದಲು ಡೈರಿ ಹಾಲ್‌ಗೆ ಕರೆದೊಯ್ದು, "ನಮ್ಮಪ್ಪನ ಕೈ. ಮೂವತ್ತಮೂರು ವರ್ಷ ಆಯಿತು, ಒಂದು ಚಪ್ಪಡಿ ಎದ್ದಿಲ್ಲ ನೋಡಿ," ಎನ್ನುವವನು.

"ಗೊತ್ತು," ಎಂದರು ಪಾರ್ಸಲಮ್ಮ. "ಯಾರು ಹಾಕಿದರೂ ಡೊಂಕು ಡೊಂಕೇ."

"ಊರಿನವರು ಈ ಮಾತಾಡಿದ್ದರೆ ಹಲ್ಲು ಉದುರಿಸ್ತಿದ್ದೆ."

"ಊರಿನವರು ಆಡಲಿಲ್ಲವಲ್ಲ. ನಾನೊಬ್ಬಳೇ ಆಡ್ತಿರೋದು. ನನ್ನವು ಹೇಗಿದ್ದರೂ ನಾಲ್ಕು ಉದುರಿವೆ."

ಮೊಮ್ಮಗಳು ಕಿಸಕ್ಕೆಂದಳು. ಮೇಸ್ತ್ರಿ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ.

ಆಮೇಲೆ ಮೂರು ದಿನ ತಾಯಿ ಮಗನಿಗೆ ಮಾತಿಲ್ಲ. ಕೋಪ ಬಂದರೆ ಕೂಗಾಡುವ ಮನೆ ಅದಲ್ಲ. ಮಾತು ಮೊಮ್ಮಗಳ ಮೂಲಕ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಗುತ್ತಿತ್ತು. "ನಿಮ್ಮಜ್ಜಿಗೆ ಹೇಳು, ಟೀ ಆರಿಹೋಗ್ತಿದೆ." "ನಿಮ್ಮಪ್ಪಂಗೆ ಹೇಳು, ಆರಿದ್ದೇ ನನಗಿಷ್ಟ." ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಬೆಂಚಿನ ಮೇಲೆ.

"ನಾನೇನು ಪೋಸ್ಟ್‌ಮನ್ನಾ?" ಎಂದು ಹುಡುಗಿ ರೇಗಿದಳು.

ಶುಕ್ರವಾರ ಪಾತ್ರೆ ತೊಳೆಯುವಾಗ ಸೊಸೆ ಮೆಲ್ಲಗೆ ಮಾತು ತೆಗೆದಳು. ಅವಳಿಗೆ ಎರಡೂ ಕಡೆ ಬೇಕಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಅತ್ತೆ, ನಿಮಗೆ ನೋವಿರೋದು ಎಡಮಂಡಿ. ಅದಕ್ಕೇ ಎಡಕ್ಕೆ ಎಳೆಯುತ್ತೆ ಅಂತ ಕಾಣುತ್ತೆ."

"ವೇದಿಕೆ ಕಡೆ ಹೋಗುವಾಗ ಎಡಕ್ಕೆ ಎಳೆಯುತ್ತೆ. ಸರಿ. ತಿರುಗಿ ಬರುವಾಗ?"

"ಬರುವಾಗಲೂ ಎಡಕ್ಕೇ ಅಲ್ಲವಾ?"

"ಬಲಕ್ಕೆ," ಎಂದರು ಪಾರ್ಸಲಮ್ಮ. ತೊಳೆದ ತಟ್ಟೆಯೊಂದನ್ನು ಅವಳ ಕೈಗಿಟ್ಟರು. "ಅಷ್ಟರೊಳಗೆ ನನ್ನ ಮಂಡಿ ಎಡಗಾಲಿಂದ ಬಲಗಾಲಿಗೆ ಹಾರ್ತಾ? ಕಾಲಿನ ತಪ್ಪಾದರೆ ಎರಡು ಸಲವೂ ಒಂದೇ ಕೈ ಕಡೆ ಎಳೀಬೇಕು ತಾನೆ? ನನ್ನನ್ನ ಎಳೀತಿರೋದು ಆ ಗೋಡೆ. ಹೋಗುವಾಗಲೂ ಅದೇ ಗೋಡೆ, ಬರುವಾಗಲೂ ಅದೇ ಗೋಡೆ."

ಸೊಸೆ ತಟ್ಟೆ ಒರೆಸುವುದನ್ನು ನಿಲ್ಲಿಸಿದಳು. ಔಷಧಿ ಅಂಗಡಿಯಲ್ಲಿ ದಿನಕ್ಕೆ ಇನ್ನೂರು ಚೀಟಿ ಓದುವವಳು. ಲೆಕ್ಕ ಸರಿಯಾಗಿದ್ದರೆ ಅವಳಿಗೆ ತಕ್ಷಣ ಗೊತ್ತಾಗುತ್ತಿತ್ತು. "ಇದನ್ನ ಅವರಿಗೆ ಹೇಳಿ," ಎಂದಳು.

"ಕೇಳೋನಿಗೆ ಹೇಳಬಹುದು. ಕಿವಿಗೆ ಸಿಮೆಂಟ್ ಹಾಕ್ಕೊಂಡೋನಿಗೆ ಏನು ಹೇಳ್ಲಿ?"

ಇದನ್ನು ಕೇಳಿಸಿಕೊಂಡ ಮೊಮ್ಮಗಳು ಶನಿವಾರ ಬೆಳಿಗ್ಗೆ ಅಪ್ಪನ ಚೀಲದಿಂದ ರಸಮಟ್ಟ ಎತ್ತಿಕೊಂಡು ಡೈರಿ ಹಾಲ್‌ಗೆ ಹೋದಳು. ಮಟ್ಟ ನೋಡುವ ಆ ಮೊಳದುದ್ದದ ಪಟ್ಟಿಯನ್ನು ನೆಲದ ಮೇಲೆ ಅಡ್ಡಲಾಗಿ ಇಟ್ಟರೆ ಗಾಜಿನೊಳಗಿನ ಗುಳ್ಳೆ ಗೆರೆ ದಾಟಿ ಒಂದು ಕಡೆಗೆ ಕೂತಿತು. ಹತ್ತು ಜಾಗದಲ್ಲಿಟ್ಟಳು. ಹತ್ತರಲ್ಲೂ ಅದೇ. ಮನೆಗೆ ಬಂದು ಅಪ್ಪನಿಗೆ ಹೇಳಿದಳು.

"ಬೀಳಿಸಿರ್ತೀಯ. ಮಟ್ಟ ಕೆಟ್ಟಿರುತ್ತೆ. ಕೇಳದೆ ನನ್ನ ಸಾಮಾನು ಮುಟ್ಟಬೇಡ ಅಂತ ಎಷ್ಟು ಸಲ ಹೇಳಿಲ್ಲ?"

ಹಾಗೆ ಗದರಿದವನೇ ಅವಳು ಆಚೆ ಹೋದಮೇಲೆ ಕಿಟಕಿಯ ಕಟ್ಟೆಯ ಮೇಲೆ ರಸಮಟ್ಟ ಇಟ್ಟು ನೋಡಿದ. ಗುಳ್ಳೆ ಗೆರೆಗಳ ನಡುವೆ ಸರಿಯಾಗಿ ನಿಂತಿತು. ತಿರುಗಿಸಿಟ್ಟ. ಆಗಲೂ ನಿಂತಿತು. ಪಾರ್ಸಲಮ್ಮ ಬಾಗಿಲ ಹಿಂದಿನಿಂದ ಎಲ್ಲ ನೋಡಿದರು.

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಚೀಲಕ್ಕೆ ನೀರಿನ ಪೈಪು ಸುತ್ತಿಟ್ಟುಕೊಳ್ಳುತ್ತಿದ್ದ. ಉದ್ದನೆಯ ಪಾರದರ್ಶಕ ಪೈಪು ಅದು. ಒಳಗೆ ನೀರು ತುಂಬಿಸಿ ಎರಡು ತುದಿ ಎತ್ತಿ ಹಿಡಿದರೆ ಎರಡರಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ರಸಮಟ್ಟ ಸುಳ್ಳು ಹೇಳಬಹುದು, ನೀರು ಹೇಳುವುದಿಲ್ಲ.

"ಎಲ್ಲಿಗೆ ಸವಾರಿ?" ಎಂದರು ಪಾರ್ಸಲಮ್ಮ. ನಾಲ್ಕು ದಿನದ ಮೇಲೆ ನೇರವಾಗಿ ಆಡಿದ ಮೊದಲ ಮಾತು.

"ಕೆಲಸಕ್ಕೆ."

"ಭಾನುವಾರ?"

"ಹೂಂ."

"ಪೈಪಿನ ಇನ್ನೊಂದು ತುದಿ ಹಿಡಿಯೋರು ಬೇಡವಾ?"

ಮೇಸ್ತ್ರಿ ಚೀಲದ ಬಾಯಿ ಕಟ್ಟಿದ. "ಚಪ್ಪಲಿ ಹಾಕ್ಕೋ," ಎಂದ.

ಕಾವಲಿನವನು ಬಾಗಿಲು ತೆಗೆದುಕೊಟ್ಟು ಟೀ ಕುಡಿಯಲು ಹೋದ. ಬೂದು ಬಣ್ಣದ ಕಲ್ಲು ಚಪ್ಪಡಿಗಳ ಆ ದೊಡ್ಡ ನೆಲ ಕಿಟಕಿಯ ಬೆಳಕಿಗೆ ಹೊಳೆಯುತ್ತಿತ್ತು. ತಾಯಿಯನ್ನು ಬಲಗೋಡೆಯ ಹತ್ತಿರ ನಿಲ್ಲಿಸಿ ಮೇಸ್ತ್ರಿ ಎಡಗೋಡೆಗೆ ಹೋದ.

"ಅಲ್ಲಾಡಿಸಬೇಡ. ನೀರು ನಿಂತಿತಾ?"

"ತಾಳು... ನಿಂತಿತು."

"ನೆಲದಿಂದ ನೀರಿಗೆ ಎಷ್ಟಿದೆ, ಪಟ್ಟಿ ಹಿಡಿದು ನೋಡು. ಎದೆ ಎತ್ತರದಲ್ಲಿ ಹಿಡಿ ಅಂದರೆ ಗಲ್ಲದ ಹತ್ತಿರ ಹಿಡಿದಿದ್ದೀಯಲ್ಲ!"

"ನನ್ನ ಎದೆ ಈಗ ಎಲ್ಲಿದೆ ಅಂತ ನನಗೆ ಗೊತ್ತು. ನೀನು ಅಳತೆ ಬರ್ಕೋ."

ಅಳತೆ ಬರೆದುಕೊಂಡ. ಮತ್ತೊಮ್ಮೆ ಹಿಡಿಸಿದ. ವೇದಿಕೆಯ ಹತ್ತಿರ ಒಂದು, ಬಾಗಿಲ ಹತ್ತಿರ ಒಂದು, ನಡುವೆ ಎರಡು. ಎಲ್ಲ ಕಡೆಯೂ ಒಂದೇ ಲೆಕ್ಕ ಬಂತು. ಬಲಗೋಡೆಗಿಂತ ಎಡಗೋಡೆಯ ಹತ್ತಿರ ನೆಲ ಸರಿಯಾಗಿ ನಾಲ್ಕು ಬೆರಳು ಕೆಳಗಿತ್ತು. ಮೇಸ್ತ್ರಿ ಪೈಪು ಬಿಟ್ಟು ನೆಲದ ಮೇಲೇ ಕೂತುಬಿಟ್ಟ. ಅವನ ಮುಖ ನೋಡಿ ಪಾರ್ಸಲಮ್ಮನಿಗೆ ಗೆದ್ದೆ ಎನ್ನಿಸಲಿಲ್ಲ. ಯಾಕಾದರೂ ಬಾಯಿಬಿಟ್ಟೆನೋ ಎನ್ನಿಸಿತು.

"ಹೋಗಲಿ ಬಿಡೋ. ಯಾರಿಗೂ ಹೇಳೋದು ಬೇಡ. ಶರಬತ್ತು ಹಂಚಿದರೆ ನನ್ನ ಕೈಯೇನು ಸವೆದುಹೋಗಲ್ಲ."

ಮೇಸ್ತ್ರಿ ಕೇಳಿಸಿಕೊಳ್ಳಲಿಲ್ಲ. ಅಂಗೈ ಅಗಲಿಸಿ ಚಪ್ಪಡಿಗಳ ಮೇಲೆ ಸವರುತ್ತಿದ್ದ. "ಅಮ್ಮ, ಇದು ಕೈತಪ್ಪಿ ಆಗಿದ್ದಲ್ಲ. ಕೈತಪ್ಪಿದ್ದರೆ ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು ಇರುತ್ತೆ. ಇದು ದಾರ ಹಿಡಿದು ಇಳಿಸಿದ ಹಾಗೆ ಇಳಿದಿದೆ." ಅಷ್ಟು ಹೇಳಿ ಎದ್ದವನೇ ಎಡಗೋಡೆಗೆ ಒತ್ತಿ ಪೇರಿಸಿದ್ದ ಕುರ್ಚಿಗಳನ್ನು ದರದರ ಎಳೆದು ಹಾಕಿದ. ಗೋಡೆಯ ಬುಡದಲ್ಲಿ ಕೈ ಹಾಯುವಷ್ಟು ಅಗಲದ ತೂತೊಂದನ್ನು ಸಿಮೆಂಟಿನಿಂದ ಮುಚ್ಚಿದ್ದ ಗುರುತಿತ್ತು. ಆಚೆಗೆ ಇನ್ನೊಂದು. ಅದರಾಚೆ ಮತ್ತೊಂದು.

"ನಾನೊಬ್ಬ ಕತ್ತೆ!" ಎಂದು ಮೇಸ್ತ್ರಿ ಹಣೆ ಚಚ್ಚಿಕೊಂಡ. "ಡೈರಿ ಕಣಮ್ಮ ಇದು! ಹಾಲಿನ ಕ್ಯಾನ್ ತೊಳೀತಿದ್ದ ಶೆಡ್ಡು! ಅಪ್ಪ ವಾಟ ಕೊಟ್ಟಿದ್ದಾರೆ. ನೀರು ಹರಿದು ಹೋಗಲಿ ಅಂತ ಬೇಕಂತಲೇ ವಾಟ ಕೊಟ್ಟಿದ್ದಾರೆ!"

ಊರಿಗೆ ಊರೇ ಅದನ್ನು ಡೈರಿ ಹಾಲ್ ಎಂದು ಕರೆಯುತ್ತಿತ್ತು. ಹದಿನೈದು ವರ್ಷದ ಹಿಂದೆ ಡೈರಿ ಊರಾಚೆಗೆ ಹೋದಮೇಲೆ ನಗರಸಭೆಯವರು ಒಂದು ವೇದಿಕೆ ಕಟ್ಟಿ, ಪರದೆ ಹಾಕಿ ಅದನ್ನು ಸಭಾಂಗಣ ಮಾಡಿದ್ದು ಚಿಕ್ಕ ಮಕ್ಕಳಿಗೂ ಗೊತ್ತು. ದಿನ ಬೆಳಗಾದರೆ ಬಚ್ಚಲುಮನೆಗೆ ವಾಟ ಕೊಡುವ ಮೇಸ್ತ್ರಿಗೆ, ಕ್ಯಾನ್ ತೊಳೆಯುವ ಜಾಗಕ್ಕೂ ವಾಟ ಬೇಕು ಎನ್ನುವುದು ಮಾತ್ರ ಹೊಳೆದಿರಲಿಲ್ಲ. ಅಪ್ಪನ ನೆಲ ಎಂದರೆ ಮಟ್ಟ ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಗೌರವ ಹೆಚ್ಚಾದರೆ ಕಣ್ಣು ಹೀಗೇ ಮಂಜಾಗುತ್ತದೆ.

"ಅಂದರೆ ನಿಮ್ಮಪ್ಪಂದು ತಪ್ಪಿಲ್ಲ," ಎಂದರು ಪಾರ್ಸಲಮ್ಮ.

"ಎಳ್ಳಷ್ಟೂ ಇಲ್ಲ!"

"ನಂದು?"

ಮೇಸ್ತ್ರಿ ತಾಯಿಯ ಕಡೆ ತಿರುಗಿದ. "ನಿಂದೂ ಇಲ್ಲ," ಎಂದ. ಪೈಪು ಸುತ್ತುತ್ತ, "ಬಾ, ಬಿಸಿ ಬಿಸಿ ಟೀ ಕುಡಿಯೋಣ. ಆರಿದ್ದು ಇಷ್ಟ ಅಂತೆಲ್ಲ ಸುಳ್ಳು ಹೇಳಬೇಡ," ಎಂದ.

ಕತೆ ಅಲ್ಲಿಗೆ ಮುಗಿಯಬೇಕಿತ್ತು, ಮ್ಯೂಸಿಯಂ ಸರ್ ಬಿಡಬೇಕಲ್ಲ. ಬುಧವಾರ ಮೇಸ್ತ್ರಿಯೇ ಹೋಗಿ ಅಳತೆ ತೋರಿಸಿದ. ಅವರು ಸಂತೋಷಪಟ್ಟು ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಮೆದುವಾಗಿ, "ಆದರೆ ಅಮ್ಮ, ನೆಲ ಎಲ್ಲರಿಗೂ ಅದೇ ಅಲ್ಲವಾ? ಉಳಿದವರು ಹೇಗೋ ನೆಟ್ಟಗೆ ನಡೀತಾರೆ," ಎಂದರು.

ಮಾತು ನ್ಯಾಯವಾಗಿತ್ತು. ಪಾರ್ಸಲಮ್ಮನಿಗೆ ನ್ಯಾಯದ ಮಾತು ಎಂದರೆ ತೂಕದ ಯಂತ್ರದ ಮುಳ್ಳಿದ್ದ ಹಾಗೆ, ವಾದ ಮಾಡುವಂತಿಲ್ಲ. ಗಟ್ಟಿ ಕಾಲಿನವರು ತಮಗೇ ತಿಳಿಯದೆ ಸುಧಾರಿಸಿಕೊಳ್ಳುತ್ತಿದ್ದರು. ನೋವಿನ ಮಂಡಿ ಇಳಿಜಾರಿಗೆ ಶರಣಾಗುತ್ತಿತ್ತು.

"ಸಾಲನ್ನೇ ಅಡ್ಡಲಾಗಿ ನಿಲ್ಲಿಸಿದರೆ?" ಎಂದ ಮೇಸ್ತ್ರಿ.

"ನೂರು ಜನ ಬರ್ತಾರೆ. ಅಡ್ಡಕ್ಕೆ ಹಿಡಿಸಲ್ಲ."

"ಹಾಗಾದರೆ ನೆಟ್ಟಗೆ ನಡೆದು ತೋರಿಸ್ತೀನಿ," ಎಂದರು ಪಾರ್ಸಲಮ್ಮ. "ಎಷ್ಟು ದಿನ ಇದೆ?"

"ಮೂರೂವರೆ ವಾರ."

ಮಾರನೆಯ ದಿನ ಮೇಸ್ತ್ರಿ ಕೆಲಸದ ಜಾಗದಿಂದ ಹಲಗೆಗಳನ್ನು ತಂದ. ಮುಂದಿನ ಕೋಣೆಯಲ್ಲಿದ್ದ ಮೇಜು ಕುರ್ಚಿಗಳನ್ನು ಹೊರಗೆ ಹಾಕಿ, ಹಲಗೆ ಜೋಡಿಸಿ, ಒಂದು ಬದಿಗೆ ಮರದ ತುಂಡು ಕೊಟ್ಟು ಎತ್ತರಿಸಿದ. ಗಜಕ್ಕೆ ಎಷ್ಟು ಇಳಿಯಬೇಕೋ ಅಷ್ಟೇ ಇಳಿಯುವಂತೆ, ಅಪ್ಪ ಕೊಟ್ಟ ವಾಟಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸ ಬರದಂತೆ ಮಾಡಿದ.

"ನನ್ನ ಮನೆ!" ಎಂದಳು ಸೊಸೆ ಬಾಗಿಲಲ್ಲೇ ನಿಂತು. "ಊಟಕ್ಕೆ ಎಲ್ಲಿ ಕೂತ್ಕೋಬೇಕು?"

"ಇದರ ಮೇಲೇ. ಮೂರು ವಾರ ತಾನೆ?"

ಹಾಗೆ ಮೂರು ವಾರ ಆ ಮನೆ ಓರೆಯಾಗಿ ಬದುಕಿತು. ಬೇಯಿಸಿದ ಬಟಾಣಿ ತಟ್ಟೆಯಿಂದ ತಪ್ಪಿಸಿಕೊಂಡರೆ ಉರುಳಿ ಎಡಗೋಡೆಯ ಬುಡಕ್ಕೆ ಸೇರುತ್ತಿತ್ತು. ನೀರಿನ ಲೋಟ ಯಾವ ಬದಿಗೆ ತುಂಬಿದೆ ಎಂದು ನೋಡಿ ಎತ್ತಬೇಕಾಗಿತ್ತು. ಮೊಮ್ಮಗಳು ಹೋಂವರ್ಕ್ ಬರೆದರೆ ಪೆನ್ಸಿಲ್ ಹುಡುಕಲು ಒಂದೇ ಜಾಗ. ಬೈಯುತ್ತ ಬೈಯುತ್ತಲೇ ಸೊಸೆ ಹಳೆಯ ಪರದೆಗಳನ್ನು ಬಿಚ್ಚಿ ಅತ್ತೆಗೆ ಕೂಟದಲ್ಲಿ ತೊಡಲು ಆ ಕಾಲದ ಉದ್ದನೆಯ ಗೌನು ಹೊಲಿದಳು. "ಹೊಲಿಗೆ ಡೊಂಕಾದರೆ ಈ ಮನೆ ನೆಲಾನೇ ಕಾರಣ," ಎಂದು ಮೊದಲೇ ಹೇಳಿಟ್ಟಳು.

ಕಲಿಸಿದವನು ಮೇಸ್ತ್ರಿ. ಕಿಟಕಿಯಿಂದ ಬಾಗಿಲಿಗೆ ಒಂದು ದಾರ ಕಟ್ಟಿದ. "ಕಾಲು ನೋಡಬೇಡಮ್ಮ. ಕಾಲು ನೋಡಿದರೆ ಕಾಲು ಹೇಳಿದ ಕಡೆ ಹೋಗ್ತೀಯ. ಕೆಲಸಕ್ಕೆ ಹೊಸದಾಗಿ ಬಂದವರಿಗೂ ನಾನು ಇದನ್ನೇ ಹೇಳೋದು. ದಾರ ನೋಡು. ಎತ್ತರದ ಕಡೆ ಕಾಲು ಒಂಚೂರು ಮಡಿಸು."

"ಮಡಿಸಿದೆ."

"ಅದು ನೋವಿನ ಕಾಲು. ಈಗ ಇನ್ನೊಂದನ್ನ ಮಡಿಸಬೇಕು."

"ಹೋಗುವಾಗ ಒಂದು, ಬರುವಾಗ ಇನ್ನೊಂದು. ಮೊದಲೇ ಹೇಳಬಾರದಾ?"

"ನೀನೇ ಕಂಡುಹಿಡಿದಿದ್ದಲ್ಲವಾ ಅದು!"

ಎರಡನೆಯ ವಾರ ಮಂಡಿ ಊದಿತು. ಸೊಸೆ ಮುಲಾಮು ಹಚ್ಚಿ, "ಅತ್ತೆ, ಸಾಕು ಮಾಡಿ. ಕುಣಿದು ಯಾರಿಗೇನಾಗಬೇಕು?" ಎಂದಳು. ಪಾರ್ಸಲಮ್ಮ ಎರಡು ದಿನ ಕಾಲು ಚಾಚಿ ಮಲಗಿದರು. ಮೂರನೆಯ ದಿನ ಎದ್ದು ಹಲಗೆ ಹತ್ತಿದರು. ಹುಡುಗಿ ತನ್ನ ಗೆಳತಿಯ ಜೊತೆ ಅಭ್ಯಾಸಕ್ಕೆ ಹೋಗುತ್ತಿದ್ದಳು. ಹೀಗಾಗಿ ತಾಯಿಯ ಕೈ ಹಿಡಿದು ಪಕ್ಕದಲ್ಲಿ ನಡೆಯಲು ಮಗನೇ ಗತಿ. ಹತ್ತು ದಿನ ಕಳೆಯುವಷ್ಟರಲ್ಲಿ ಎಂಟು ಹೆಜ್ಜೆ ಹೋಗಿ ತಿರುಗಿ ಎಂಟು ಹೆಜ್ಜೆ ಬರುವುದು ಅವನಿಗೆ ಎಷ್ಟು ರೂಢಿಯಾಯಿತೆಂದರೆ, ಕೆಲಸದ ಜಾಗದಲ್ಲಿ ಸಿಮೆಂಟಿನ ಬಾಂಡ್ಲಿ ಹೊತ್ತು ಎಂಟಕ್ಕೆ ಸರಿಯಾಗಿ ತಿರುಗಿದ್ದನ್ನು ಕಂಡು ಆಳುಗಳು ನಕ್ಕರಂತೆ.

ಕೂಟಕ್ಕೆ ನಾಲ್ಕು ದಿನ ಇರುವಾಗ ಮ್ಯೂಸಿಯಂ ಸರ್ ಪರೀಕ್ಷೆ ಮಾಡಿದರು. ಪಾರ್ಸಲಮ್ಮ ವೇದಿಕೆಯ ಕಡೆಗೆ ಹೋಗಿ ತಿರುಗಿ ಬಂದರು. ದಾರ ಹಿಡಿದ ಹಾಗೆ.

"ತಪ್ಪಾಯಿತು ಅಮ್ಮ," ಎಂದು ಸರ್ ಕೈಮುಗಿದರು. "ಹನ್ನೊಂದನೇ ಜೊತೆಯಾಗಿ ಕೊನೆಯಲ್ಲಿ ನಿಲ್ಲಿ. ಆದರೆ ನಿಮ್ಮ ಜೊತೆಗೆ ಯಾರು?"

ಎಲ್ಲರೂ ಬಾಗಿಲ ಕಡೆ ನೋಡಿದರು. ಮೇಸ್ತ್ರಿ ತಾಯಿಯ ಚೀಲ ಹಿಡಿದು ನಿಂತಿದ್ದ.

"ನಾನಾ? ನಾನು ಟೈಲ್ಸ್ ಹಾಕೋನು ಸ್ವಾಮಿ."

"ಅಪ್ಪ, ನಿನಗೆ ನನಗಿಂತ ಚೆನ್ನಾಗಿ ಬರುತ್ತೆ," ಎಂದಳು ಮಗಳು. "ನಿನ್ನೆ ಹಲ್ಲು ಉಜ್ಜುವಾಗ ನೀನು ಹೆಜ್ಜೆ ಹಾಕ್ತಿದ್ದೆ. ನಾನು ನೋಡಿದೆ."

ಕೂಟ ನಡೆದದ್ದು ಭಾನುವಾರ ನಾಲ್ಕು ಗಂಟೆಗೆ. ಮೂರು ಊರಿನಿಂದ ಜನ ಬಸ್ಸು ಮಾಡಿಕೊಂಡು ಬಂದಿದ್ದರು. ಉದ್ದ ಗೌನುಗಳು, ಗುಂಡಿ ಸಾಲಿನ ಕೋಟುಗಳು, ಕೈಗವಸುಗಳು. ಮೇಸ್ತ್ರಿಗೆ ನಾಟಕದ ಉಡುಪಿನ ಅಂಗಡಿಯಿಂದ ತಂದ ಬಾಡಿಗೆ ಕೋಟು ಹೆಗಲಲ್ಲಿ ಬಿಗಿಯಾಗಿ, ಕೈ ಎದೆಗಿಂತ ಮೇಲೆ ಏಳುತ್ತಿರಲಿಲ್ಲ. ಎಡಗೋಡೆಯ ಹತ್ತಿರ ಶರಬತ್ತಿನ ಮೇಜು. ಅದರ ಹಿಂದೆ ಸೊಸೆ. ಅತ್ತೆಗೆ ಬಿಟ್ಟುಹೋದ ಕೆಲಸ ಕೊನೆಗೆ ಅವಳ ತಲೆಗೆ ಬಂದಿತ್ತು.

ಮೊದಲನೆಯ ಕುಣಿತ ಶುರುವಾಯಿತು. ಊರಿನ ಹನ್ನೊಂದು ಜೊತೆ ನಡುವಿನಲ್ಲಿ, ಬಂದವರದು ಅಕ್ಕಪಕ್ಕ ಎರಡೆರಡು ಸಾಲು. ಬಂದವರು ಬಹಳ ಚೆನ್ನಾಗಿ ಕುಣಿಯುತ್ತಿದ್ದರು, ನಮ್ಮವರಿಗಿಂತ ಎಷ್ಟೋ ಮೇಲು. ಆದರೆ ಎರಡನೆಯ ಸುತ್ತಿಗೆ ಬಲಗಡೆಯವರು ನಡುವಿನವರ ಹೆಗಲಿಗೆ ತಾಗಿದರು. ಮೂರನೆಯ ಸುತ್ತಿಗೆ ಎಡಗಡೆಯ ಸಾಲು ಇಡಿಯಾಗಿ ಸರಿದು ಶರಬತ್ತಿನ ಮೇಜಿಗೆ ಬಂತು. "ಅಯ್ಯೋ, ಶರಬತ್ತಿನ ಜಗ್ಗು!" ಎಂದು ಸೊಸೆ ಎರಡೂ ಕೈಯಲ್ಲಿ ಅದನ್ನು ಅಪ್ಪಿಕೊಂಡು ಗೋಡೆಗೆ ಅಂಟಿದಳು. ಯಾರದೋ ಗೌನು ಯಾರದೋ ಕಾಲಡಿ. ನಡುವಿನ ಓಣಿ ಮುಚ್ಚಿಯೇ ಹೋಯಿತು.

ಮ್ಯೂಸಿಯಂ ಸರ್ ಚಪ್ಪಾಳೆ ತಟ್ಟಿ ವಾದ್ಯ ನಿಲ್ಲಿಸಿದರು. ಹಾಲ್ ಗುಜುಗುಜು ಎಂದಿತು. ಸರ್ ನೇರವಾಗಿ ಸಾಲಿನ ಬಾಲಕ್ಕೆ ಬಂದರು.

"ಅಮ್ಮ, ಮುಂದೆ ಬನ್ನಿ."

"ನಾವು ಹನ್ನೊಂದನೇ ಜೊತೆ," ಎಂದರು ಪಾರ್ಸಲಮ್ಮ.

"ಈಗ ಒಂದನೇ ಜೊತೆ." ಅವರು ಜನರ ಕಡೆ ತಿರುಗಿದರು. "ದಯವಿಟ್ಟು ಎಲ್ಲರೂ ಕೇಳಿ. ಈ ನೆಲ ಎಡಕ್ಕೆ ನಾಲ್ಕು ಬೆರಳು ವಾಟ ಇದೆ. ನೀರು ಹರಿಯೋಕೆ ಅಂತ ಮಾಡಿದ್ದು. ಇದರ ಮೇಲೆ ನಡೆಯೋಕೆ ಬರೋದು ಇವರಿಬ್ಬರಿಗೇ. ಕಾಲು ನೋಡಬೇಡಿ, ಇವರ ಹೆಗಲು ನೋಡಿ."

ಪಾರ್ಸಲಮ್ಮನ ಕೈಯನ್ನು ಮಗ ಹಿಡಿದುಕೊಂಡ. ವಾದ್ಯ ಶುರುವಾಯಿತು, ಇಬ್ಬರೂ ಹೊರಟರು. ಎತ್ತರದ ಕಡೆಯ ಕಾಲು ಒಂಚೂರು ಮಡಿಸು, ಕಣ್ಣು ಎದುರಿನ ಗೋಡೆಗೆ. ಎಂಟು ಹೆಜ್ಜೆ. ತಿರುಗು. ಎಂಟು ಹೆಜ್ಜೆ. ಹಿಂದೆ ಬಂದ ಜೊತೆ ಅವರ ಹೆಗಲು ನೋಡಿ ನಡೆಯಿತು, ಅದರ ಹಿಂದಿನವರು ಆ ಹೆಗಲು ನೋಡಿ. ಪಕ್ಕದ ಸಾಲುಗಳೂ ಸೆಟೆದು ನಿಂತವು. ಓಣಿ ಬಾಗಿಲಿನಿಂದ ವೇದಿಕೆಯವರೆಗೆ ತೆರೆದುಕೊಂಡಿತು. ಪ್ರತಿ ಸುತ್ತಿಗೆ ಒಂದು ಜಾಗ ಇಳಿಯುತ್ತ ತಾಯಿ ಮಗ ಕೊನೆಗೆ ಬಂದು, ಒಂದು ಸುತ್ತಿನ ಬಿಡುವಿಗೆ ಪಕ್ಕದಲ್ಲಿ ನಿಂತರು.

ಮೇಸ್ತ್ರಿಯ ಕೋಟಿನ ಹೆಗಲು ಅಷ್ಟರಲ್ಲಿ ಹರಿದಿತ್ತು. "ಮಂಡಿ ಹೇಗಿದೆ?" ಎಂದ ಏದುಸಿರಿನಲ್ಲಿ.

"ಇದೆ." ಪಾರ್ಸಲಮ್ಮ ಕಾಲಡಿಯ ಬೂದು ಚಪ್ಪಡಿ ನೋಡುತ್ತಿದ್ದರು. "ನಿಮ್ಮಪ್ಪ ಒಟ್ಟು ಎಷ್ಟು ಮನೆಗೆ ನೆಲ ಹಾಕಿರಬಹುದು ಕಣೋ?"

"ಏನಿಲ್ಲ ಅಂದರೂ ಐನೂರು."

"ದಿನಾ ಸಂಜೆ ಬಂದು ಹೇಳೋರು. ಈವತ್ತು ಹಜಾರ ಮುಗೀತು, ಕನ್ನಡಿ ಥರ ಇದೆ. ಈವತ್ತು ಮೆಟ್ಟಿಲು ಮುಗೀತು, ನೀನು ನೋಡಬೇಕಿತ್ತು. ಬೇರೆಯವರ ಮನೆ, ನಾನು ಹೇಗೆ ಹೋಗಿ ನೋಡ್ಲಿ? ಹೂಂ ಅನ್ನೋದು, ಊಟಕ್ಕೆ ಬಡಿಸೋದು. ಐನೂರು ನೆಲದಲ್ಲಿ ಒಂದರ ಮೇಲೂ ನಾನು ಕಾಲಿಟ್ಟಿರಲಿಲ್ಲ. ಇದೊಂದು ಸಾರ್ವಜನಿಕರದ್ದಾಯಿತು, ಆದರೂ ಬರೋಕೆ ಒಂದು ನೆಪ ಸಿಕ್ಕಿರಲಿಲ್ಲ. ಅದಕ್ಕೇ ಹೆಸರು ಬರೆಸಿದೆ."

ಮೇಸ್ತ್ರಿ ಗಿರಾಕಿಗಳನ್ನೆಲ್ಲ ಇಲ್ಲಿಗೆ ಕರೆತಂದಿದ್ದ. ಅಮ್ಮನನ್ನು ಒಂದು ಸಲವೂ ಕರೆತಂದಿರಲಿಲ್ಲ. "ಮೊದಲೇ ಹೇಳಬಾರದಿತ್ತಾ ಅಮ್ಮ? ಗೊತ್ತಿರೋರ ಮನೆಗಳಿವೆ. ನಾಳೆಯಿಂದ ಒಂದೊಂದೇ ತೋರಿಸ್ತೀನಿ."

"ಯಾರ ಮನೆಯೂ ಬೇಡ. ನನಗೆ ಇಷ್ಟು ಸಾಕು," ಎಂದು ಪಾರ್ಸಲಮ್ಮ ಕೈ ಚಾಚಿದರು. "ನಮ್ಮ ಸರದಿ ಬಂತು, ನಡಿ."